ಪತ್ತೇದಾರಿ ಕಥೆಗಳೂ ಅಕ್ಕನ ಮನೆ ಬೀಗವೂ

ನಾನು ಸ್ಕೂಲು ಬಿಟ್ಟಿದ್ದು ೧೯೯೩ರಲ್ಲಿ, ಎಂಟನೇ ಕ್ಲಾಸಿನ ಮಧ್ಯದಲ್ಲಿ. ಓದೋದನ್ನ ಮಾತ್ರ ಬಿಟ್ಟಿಲ್ಲ. ಆರ್.ಟಿ. ನಗರದಲ್ಲಿ ನಂದೊಂದು ಕೀ ಮಾಡೋ ಅಂಗಡಿ ಇದೆ. ಯಾರಿಗೂ ಸಲಾಂ ಹೊಡೆಯದೆ ನಾನೇ ಕಟ್ಟಿಕೊಂಡಿದ್ದು. ಗಿರಾಕಿ ಇಲ್ಲದ ಹೊತ್ತಲ್ಲಿ ಅಲ್ಲೇ ಕೂತು ಪತ್ತೇದಾರಿ ಕಥೆ ಓದ್ತೀನಿ. ಕಾದಂಬರಿ ಅಲ್ಲ, ಸಣ್ಣ ಕಥೆಗಳ ಸಂಕಲನ. ಕಾದಂಬರಿ ಹಿಡಿದರೆ ನಡುವೆ ಯಾರಾದರೂ ಬಂದು "ಗುರು, ಗಾಡಿ ಕೀ ಕಳೆದೋಯ್ತು" ಅಂತಾರೆ. ಆ ಕೆಲಸ ಮುಗಿಸೋಷ್ಟರಲ್ಲಿ ಯಾರು ಯಾರ ಅಳಿಯ ಅನ್ನೋದೇ ಮರೆತಿರುತ್ತೆ. ಸಣ್ಣ ಕಥೆ ಹಂಗಲ್ಲ. ಮೊದಲ ಪುಟದಲ್ಲಿ ಹೆಣ, ಟೀ ಆರೋದ್ರೊಳಗೆ ಕೊಲೆಗಾರ. ಎದೆ ಎಷ್ಟೇ ಹೊಡ್ಕೊಂಡರೂ ಇನ್ನು ನಾಲ್ಕೇ ಹಾಳೆ ಅಂತ ಬೆರಳಿಗೆ ಗೊತ್ತಿರುತ್ತೆ. ಆ ಹೆದರಿಕೆ ನನಗಿಷ್ಟ, ಯಾಕಂದ್ರೆ ಅದು ಮುಗಿಯುತ್ತೆ.

ಮುಗಿಯದ ಹೆದರಿಕೆ ಹೋದ ವರ್ಷ ಕಂಡೆ.

ಅಕ್ಕ ಯಲಹಂಕದಲ್ಲಿ ಒಬ್ಬಳೇ ಇದ್ದಾಳೆ. ಭಾವ ತೀರ್ಕೊಂಡ ಮೇಲೆ ಎಷ್ಟು ಕರೆದರೂ ನಮ್ಮನೆಗೆ ಬರಲಿಲ್ಲ. ಬಿಪಿ ಇದೆ, ಹಠ ಅದಕ್ಕಿಂತ ಜಾಸ್ತಿ. ಅವತ್ತು ಬೆಳಗ್ಗೆ ನಾನು ಕೀ ಕೊರೀತಿದ್ದಾಗ ಫೋನ್ ಮಾಡಿದಳು. ಮಿಷಿನ್ ಕಿರ್ರ್ ಅಂತಿತ್ತು. ಅರ್ಧಕ್ಕೆ ನಿಲ್ಲಿಸಿದರೆ ಕೀ ಕೆಡುತ್ತೆ. ಫೋನನ್ನ ಭುಜಕ್ಕೂ ಕಿವಿಗೂ ಸಿಗಿಸ್ಕೊಂಡು ಹೂಂ ಹೂಂ ಅಂದೆ. ಮಿಷಿನ್ ನಿಂತಾಗ ಕೇಳಿದ್ದು ಇಷ್ಟೇ: "ಸರಿ ಕಣೋ, ಬರ್ತೀನಿ."

ಕೊನೆಗೂ ಬರ್ತಿದಾಳಲ್ಲ ಅಂತ ಹೆಂಡತಿ ಬಸ್ಸಾರು ಮಾಡಿಟ್ಟಳು. ಎರಡಾಯ್ತು, ಮೂರಾಯ್ತು. ಫೋನ್ ಹೊಡ್ಕೊಳ್ತಿದೆ, ಎತ್ತೋರಿಲ್ಲ. ಬೈಕ್ ಹತ್ತಿದೆ. ಹೆಬ್ಬಾಳ ಫ್ಲೈಓವರ್ ಮೇಲೆ ಗಾಡಿಗಳು ನಿಂತಲ್ಲೇ ನಿಂತಿದ್ದವು. ಇಷ್ಟು ವರ್ಷ ಓದಿದ ಹೆಣಗಳೆಲ್ಲ ಅಲ್ಲೇ ನೆನಪಾದವು.

ಅಕ್ಕನ ಬಾಗಿಲಲ್ಲಿ ಬೆಳಗಿನ ರಂಗೋಲಿ ಹಾಗೇ ಇತ್ತು. ಹೊಸಿಲ ಪಕ್ಕ ಅವಳ ಚಪ್ಪಲಿ. ಫೋನ್ ಮಾಡಿದೆ, ಒಳಗೇ ರಿಂಗಾಯ್ತು. "ಅಕ್ಕಾ!" ಅಂದೆ. ಸದ್ದಿಲ್ಲ. ಎಳೆದರೆ ತಾನೇ ಬೀಳೋ ಲಾಕು ಅದು. ಒಳಗಿದ್ದು ಹಾಕಿದ್ದೋ, ಹೊರಗಿಂದ ಎಳೆದಿದ್ದೋ, ನೋಡಿದರೆ ಗೊತ್ತಾಗಲ್ಲ. ಕಥೆಯಲ್ಲಿ ಇಷ್ಟು ಬಂದಿದ್ದರೆ ಮುಂದಿನದನ್ನ ನಾನೇ ಹೇಳಿಬಿಡ್ತಿದ್ದೆ. ಅವತ್ತು ಮನಸ್ಸಲ್ಲೂ ಹೇಳ್ಕೊಳ್ಳೋಕೆ ಧೈರ್ಯ ಬರಲಿಲ್ಲ.

ಮಹಡಿ ಮೇಲಿನ ಬಾಡಿಗೆಯವರು ಇಳಿದು ಬಂದರು. "ಬೀಗ ನಿಮ್ಮ ಕೆಲಸಾನೇ ಅಲ್ವಾ? ತೆಗೀರಿ ಸಾರ್."

"ನಾನೇ ಹಾಕಿದ್ದು ಕಣ್ರೀ. ಅದಕ್ಕೇ ಬರ್ತಿಲ್ಲ."

ಎರಡು ವರ್ಷದ ಹಿಂದೆ ಅದನ್ನ ಕೂರಿಸಿ, ಕಳ್ಳರ ಅಪ್ಪ ಬಂದರೂ ತೆಗೆಯೋಕಾಗಲ್ಲ ಅಂತ ಎದೆ ಉಬ್ಬಿಸಿದ್ದೆ. ಒಂದು ಕೀ ನನ್ನ ಹತ್ರ ಇರಲಿ ಅಂದಿದ್ದಕ್ಕೆ ಅಕ್ಕ "ನಾನೇನ್ ಈಗಲೇ ಸಾಯ್ತೀನಾ?" ಅಂತ ಬೈದಿದ್ದಳು.

ಬೈಕಿನ ಬ್ಯಾಗಲ್ಲಿದ್ದ ಡ್ರಿಲ್ ತೆಗೆದು ಹಾಕಿದೆ. ಕೈ ಜಾರಿ ಬಾಗಿಲಿಗೂ ಗೀರು ಬಿತ್ತು. ಕೊನೆಗೆ ಲಾಕು ಸತ್ತು ಬಾಗಿಲು ತೆರೀತು. ಹಾಲ್‌ನಲ್ಲಿ ಇಲ್ಲ. ಅಡುಗೆಮನೆಯಲ್ಲಿ ಇಲ್ಲ. ಬಚ್ಚಲ ಬಾಗಿಲು ಮುಚ್ಚಿತ್ತು. ತಳ್ಳೋಕೆ ಕೈ ಏಳಲಿಲ್ಲ. ಬಾಡಿಗೆಯವರು ಹಿಂದಿನಿಂದ ನನ್ನ ಅಂಗಿ ಹಿಡ್ಕೊಂಡಿದ್ದರು. ತಳ್ಳಿದೆ. ಬಕೆಟ್ಟಲ್ಲಿ ನೆನೆಹಾಕಿದ ಸೀರೆ.

ಅಷ್ಟರಲ್ಲಿ ಗೇಟ್ ಸದ್ದಾಯ್ತು. ಅಕ್ಕ. ಕೈಯಲ್ಲಿ ಹೋಳಿಗೆ ಡಬ್ಬಿ, ಕಾಲಲ್ಲಿ ಹೊಸ ಚಪ್ಪಲಿ.

"ಏನೋ ಇದು! ಕಳ್ಳರ ಅಪ್ಪ ನೀನೇನಾ?"

"ಬರ್ತೀನಿ ಅಂದು ಎಲ್ಲಿಗೆ ಹೋಗಿದ್ದೆ?"

"ಚಿಕ್ಕಬಾಣಾವರಕ್ಕೆ! ನಾದಿನಿ ಮೊಮ್ಮಗನ ನಾಮಕರಣಕ್ಕೆ ಹೊರಟಿದೀನಿ ಅಂತ ಅಷ್ಟುದ್ದ ಹೇಳ್ದೆ, ನೀನು ಹೂಂ ಹೂಂ ಅಂದೆ. ಅವಸರದಲ್ಲಿ ಫೋನ್ ಇಲ್ಲೇ ಬಿಟ್ಟೆ. ಮನೆ ಬಿಡೋವಾಗ ಬರ್ತೀನಿ ಅನ್ನದೆ ಹೋಗ್ತೀನಿ ಅನ್ನಕ್ಕಾಗುತ್ತೇನೋ?"

ಬಾಡಿಗೆಯವರು ನಕ್ಕರು. ನಾನು ಮೆಟ್ಟಿಲ ಮೇಲೆ ಕೂತು, ಒರೆಸಿದ್ದ ಡ್ರಿಲ್ಲನ್ನೇ ಮತ್ತೆ ಮತ್ತೆ ಒರೆಸ್ತಾ ಇದ್ದೆ. ಅಕ್ಕ ಇನ್ನೇನೋ ಬೈಯೋಕೆ ಬಾಯಿ ತೆರೆದವಳು, ಅದನ್ನ ನೋಡಿ ಹೋಳಿಗೆ ಡಬ್ಬಿ ತೆಗೆದು ನನ್ನ ಮುಂದಿಟ್ಟಳು. ಸಂಜೆ ಹೊಸ ಲಾಕ್ ಹಾಕಿದಾಗ ಅವಳೇ ಒಂದು ಕೀ ತೆಗೆದು ನನ್ನ ಜೇಬಿಗೆ ಹಾಕಿದಳು. "ಇನ್ನೊಂದ್ಸಲ ಬಾಗಿಲು ಕೊರೀಬೇಡ" ಅಂದಳು ಅಷ್ಟೇ.

ಕಥೆ ಓದೋದು ಈಗಲೂ ಇದೆ. ಅಕ್ಕನ ಫೋನ್ ಬಂದರೆ ಕೀ ಕೆಟ್ಟರೂ ಸರಿ, ಮಿಷಿನ್ ನಿಲ್ಲಿಸ್ತೀನಿ.

ಈಗ ನನ್ನ ಹತ್ರ ಇರೋದು: ಒಂದು ಅಂಗಡಿ, ಎರಡು ಮಿಷಿನ್, ನಲವತ್ತೊಂದು ಕಥೆ ಪುಸ್ತಕ, ಒಬ್ಬಳು ಅಕ್ಕ, ಅವಳ ಮನೆಯದೊಂದು ಕೀ.