ಪಾಠದೊಳಗೆ ಅತ್ತೆಯ ದನಿ

ಹಳಿಯಾಳದಲ್ಲಿ ನಮಗೊಂದು ತರಬೇತಿ ಇತ್ತು. ಪಾಠವನ್ನು ವಿಡಿಯೊ ಮಾಡಿ ಮಕ್ಕಳ ಮನೆಗೆ ಕಳಿಸುವುದು, ಮನೆಯಲ್ಲಿ ಮಾಡುತ್ತಿದ್ದ ಅಭ್ಯಾಸವನ್ನು ತರಗತಿಯಲ್ಲಿ ಮಾಡಿಸುವುದು, ಇದಕ್ಕೆ ಫ್ಲಿಪ್ಡ್ ಕ್ಲಾಸ್‌ರೂಮ್ ಎನ್ನುತ್ತಾರೆ ಎಂದು ತರಬೇತಿಯ ಮೇಡಂ ವಿವರಿಸಿದರು. ಪಕ್ಕದಲ್ಲಿ ಕೂತಿದ್ದ ಮುಂಡಗೋಡದ ಗಣಿತದ ಮಾಸ್ತರು ಎದ್ದು ನಿಂತರು.

“ಪಾಠಾ ಮನ್ಯಾಗ ಆತಂದ್ರ ಸಾಲ್ಯಾಗ ನಾವೇನ್ ಮಾಡೂದ್ರಿ?”

“ಸುಮ್ನ ಇರೂದು ಕಲೀಬೇಕ್ರಿ ಸರ್,” ಎಂದರು ಮೇಡಂ.

ಎಲ್ಲರೂ ನಕ್ಕರು. ಮಾಸ್ತರು ನಗಲಿಲ್ಲ. “ಇದೊಂದು ನಮ್ಮ ಬಿ.ಎಡ್.ನ್ಯಾಗ ಇರ್ಲಿಲ್ಲ ನೋಡ್ರಿ,” ಎಂದು ನನ್ನ ಕಿವಿಯಲ್ಲಿ ಹೇಳಿ ಕೂತರು.

ನಮ್ಮ ಮನೆ ದಾಂಡೇಲಿಯಲ್ಲಿ. ಸೂಪಾ ದಾಟಿ ಜೋಯಿಡಾ ಕಡೆಯ ಒಂದು ಹೈಸ್ಕೂಲಿಗೆ ದಿನಾ ಬಸ್ಸಿನಲ್ಲಿ ಹೋಗಿ ವಿಜ್ಞಾನ ಕಲಿಸುತ್ತೇನೆ. ಮೊದಲ ವಿಡಿಯೊಗೆ ತೇಲುವುದು, ಮುಳುಗುವುದು ಎಂಬ ಪಾಠ ಆರಿಸಿಕೊಂಡೆ. ಬರಿಯ ನೀರಿನಲ್ಲಿ ಆಲೂಗಡ್ಡೆ ಮುಳುಗುತ್ತದೆ, ಉಪ್ಪು ಹಾಕುತ್ತ ಹೋದರೆ ಮೇಲೆ ಬರುತ್ತದೆ. ಭಾನುವಾರ ಅಡುಗೆಮನೆಯ ಕಟ್ಟೆಯ ಮೇಲೆ ಗಾಜಿನ ಪಾತ್ರೆ ಇಟ್ಟೆ. ಅಕ್ಕಿಡಬ್ಬಿಗೆ ಫೋನ್ ಆನಿಸಿ ಒಳ್ಳೆಯ ಗ್ರಾಂಥಿಕ ಭಾಷೆಯಲ್ಲಿ ಶುರು ಮಾಡಿದೆ. ಎರಡು ಸಲ ಕುಕ್ಕರ್ ಸೀಟಿ ಹೊಡೆಯಿತು. ಒಂದು ಸಲ ಕಾರ್ಖಾನೆಯ ಪಾಳಿ ಮುಗಿಸಿ ಬಂದ ಗಂಡ ಫೋನಿನ ಮುಂದೆಯೇ ಕೈ ಚಾಚಿ ನೀರಿನ ತಂಬಿಗೆ ತೆಗೆದುಕೊಂಡರು. ಕೊನೆಗೊಂದು ಸಲ ಸರಿಯಾಗಿ ಬಂತು. ಬೇಸತ್ತು, ಮತ್ತೊಮ್ಮೆ ಹಾಕಿ ನೋಡದೆ, ಅದನ್ನೇ ಗಟ್ಟಿ ಮಾಡಿಕೊಂಡೆ.

ಶಾಲೆಯಿರುವ ಊರಲ್ಲಿ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಶಾಲೆ ಬಿಟ್ಟ ಮೇಲೆ ಪಾಲಕರನ್ನು ಕರೆಸಿ ನಾಲ್ಕಾರು ಫೋನಿಗೆ ವಿಡಿಯೊ ಹಾಕಿಕೊಟ್ಟೆ. ಆ ಸಂಜೆ ಒಂದೊಂದು ಫೋನಿನ ಸುತ್ತ ಒಂದೊಂದು ಕೇರಿಯೇ ಸೇರಿತ್ತಂತೆ.

ಮರುದಿನ ಮಕ್ಕಳನ್ನು ಗುಂಪು ಮಾಡಿ, ನೀರು ತುಂಬಿದ ಬಾದಲಿ, ಉಪ್ಪು, ಆಲೂಗಡ್ಡೆ ಕೊಟ್ಟು ಸುಮ್ಮನೆ ನಿಂತೆ. ಸುಮ್ಮನೆ ನಿಲ್ಲುವುದು ಎಷ್ಟು ಕಷ್ಟ ಎಂದು ಆವತ್ತು ತಿಳಿಯಿತು. ಕೈ ತಾನಾಗಿಯೇ ಸೀಮೆಸುಣ್ಣದ ಕಡೆ ಹೋಗುತ್ತಿತ್ತು. ಎಲ್ಲ ಗುಂಪಿನವರೂ ಒಂದೊಂದು ಚಮಚ ಉಪ್ಪು ಹಾಕಿ ಕೈಕಟ್ಟಿ ಕೂತರು. ಒಬ್ಬರ ಆಲೂಗಡ್ಡೆಯೂ ಅಲುಗಲಿಲ್ಲ.

“ಇನ್ನಷ್ಟು ಹಾಕ್ರಿ,” ಎಂದೆ.

“ಬ್ಯಾಡ್ರಿ ಟೀಚರ್. ಸಾಕು ಅಂತ ಅಜ್ಜಿ ಹೇಳ್ಯಾರ್ರಿ.”

“ಯಾವ ಅಜ್ಜಿ?”

“ನಿಮ್ಮ ಪಾಠದಾಗಿನ ಅಜ್ಜಿರಿ.”

ಊಟದ ಬಿಡುವಿನಲ್ಲಿ ಸ್ಟಾಫ್ ರೂಮಿನ ಮೂಲೆಯಲ್ಲಿ ಕೂತು ನನ್ನ ವಿಡಿಯೊ ನಾನೇ ಮೊದಲ ಸಲ ನೋಡಿದೆ. “ಈಗ ದ್ರವದ ಸಾಂದ್ರತೆಯನ್ನು ಹೆಚ್ಚಿಸೋಣ,” ಎಂದು ನಾನು ಗಂಭೀರವಾಗಿ ಮೊದಲ ಚಮಚ ಸುರಿಯುತ್ತಿದ್ದೇನೆ. ಹಿಂದಿನಿಂದ, ಆವತ್ತು ಪಾಠದ ಭರದಲ್ಲಿ ನನ್ನ ಕಿವಿಗೆ ಬೀಳದ ನಮ್ಮ ಅತ್ತೆಯ ದನಿ ಸ್ಪಷ್ಟವಾಗಿ ಕೇಳುತ್ತದೆ: “ಸಾಕವಾ, ಉಪ್ಪಿಗೆ ರೊಕ್ಕಾ ಬೀಳಂಗಿಲ್ಲೇನು?” ನನ್ನ ಮಾತನ್ನು ಮಕ್ಕಳು ಕೇಳಿರಲಿಲ್ಲ, ಅತ್ತೆಯ ಮಾತನ್ನು ಮಾತ್ರ ಪಾಲಿಸಿದ್ದರು.

ಮನೆಗೆ ಬಂದು ಇದನ್ನು ಹೇಳಿದೆ. ಅತ್ತೆ ನಾಚಿಕೊಳ್ಳುತ್ತಾರೆ ಎಂದುಕೊಂಡಿದ್ದೆ.

“ಹುಡುಗ್ರು ಶ್ಯಾಣ್ಯಾ ಅದಾವ,” ಎಂದರು. ಆಮೇಲೆ, “ಮುಂದಿನ ಪಾಠಾ ಯಾವಾಗ?” ಎಂದು ಕೇಳಿದರು.

ಮುಂದಿನ ಪಾಠ ಕನ್ನಡಿಯದು. ಅತ್ತೆ ಇಳಕಲ್ ಸೀರೆ ಉಟ್ಟು, ವಿಭೂತಿ ಹಚ್ಚಿಕೊಂಡು, ನಾನು ಕರೆಯುವ ಮೊದಲೇ ಕುರ್ಚಿ ಎಳೆದುಕೊಂಡು ಕೂತಿದ್ದರು. ಕನ್ನಡಿಯಲ್ಲಿ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ ಎಂದು ನಾನು ಹೇಳಿ ಮುಗಿಸಿದೆ.

“ತಡಿ,” ಎಂದರು ಅತ್ತೆ. “ಎಡಾ ಬಲಾ ಬದಲ ಆಗತಾವು ಅಂದ್ರ, ತಲಿ ಯಾಕ ಕೆಳಗ ಬರಂಗಿಲ್ಲ?”

ಇಷ್ಟು ವರ್ಷ ಕಲಿಸಿದ್ದೆ, ಯಾರೂ ಹಾಗೆ ಕೇಳಿರಲಿಲ್ಲ. ಕೈಚಾಚಿ ವಿಡಿಯೊ ನಿಲ್ಲಿಸಿದೆ. ಬೇರೆ ದಾರಿ ಕಾಣದೆ, ಅತ್ತೆಯ ಪ್ರಶ್ನೆಗೇ ಮುಗಿಯುವ ಆ ವಿಡಿಯೊವನ್ನೇ ಮಕ್ಕಳಿಗೆ ಕೊಟ್ಟೆ.

ಮರುದಿನ ತರಗತಿಗೆ ಕಾಲಿಟ್ಟರೆ ಸಂತೆಯ ಗದ್ದಲ. ಕೈಗನ್ನಡಿ, ಗೋಡೆಯಿಂದ ಬಿಚ್ಚಿ ತಂದ ಕನ್ನಡಿ, ತಿಕ್ಕಿ ಹೊಳೆಸಿದ ಸ್ಟೀಲ್ ತಾಟು, ಸಿಕ್ಕಿದ್ದನ್ನೆಲ್ಲ ತಂದಿದ್ದರು. ಒಬ್ಬ ಅಡ್ಡ ಮಲಗಿಯೂ ನೋಡಿದ್ದನಂತೆ. ಹೊರಗಿನಿಂದ ಹೆಡ್‌ಮಾಸ್ತರು ಬಂದು, “ಏನ್ರಿ ಟೀಚರ್ ಇದು?” ಎಂದರು. “ಫ್ಲಿಪ್ಡ್ ಕ್ಲಾಸ್‌ರೂಮ್ ಸರ್,” ಎಂದೆ. ಗದರಲು ಅವರು ಎತ್ತಿದ್ದ ಕೈ ಅವರಿಗೇ ಎದುರಿನ ಕನ್ನಡಿಯಲ್ಲಿ ಕಂಡಿರಬೇಕು. ಅದನ್ನು ಇಳಿಸಿ, ಇನ್ನೊಂದು ಕೈ ಎತ್ತಿ ನೋಡಿದರು.

ಆಗ ಹಿಂದಿನ ಸಾಲಿನಿಂದ ಒಬ್ಬಳು ಹುಡುಗಿ ಎದ್ದಳು. ಮನೆಯಲ್ಲಿ ಕೊಂಕಣಿ ಮಾತಾಡುವವಳು. ತರಗತಿಯಲ್ಲಿ ಹಾಜರಿಗೆ ಬಿಟ್ಟರೆ ಬಾಯಿ ಬಿಡುತ್ತಿರಲಿಲ್ಲ. ಕನ್ನಡಿಯ ಮುಂದೆ ನಿಂತು, ಕಿಟಕಿಯ ಕಡೆಯ ಕೈ ಎತ್ತಿದಳು.

“ಟೀಚರ್, ಕಿಟಕಿ ಕಡಿ ಕೈ ಕನ್ನಡ್ಯಾಗೂ ಕಿಟಕಿ ಕಡೀನ ಐತ್ರಿ. ತಲಿನೂ ಮ್ಯಾಲೇ ಐತಿ. ಏನೂ ಬದಲ ಆಗಿಲ್ರಿ. ನಾ ಆ ಕಡಿ ನೋಡ್ತೇನಿ, ಕನ್ನಡ್ಯಾಗಿನಾಕಿ ಈ ಕಡಿ ನೋಡ್ತಾಳ. ಅಷ್ಟ.”

ಅವಳು ಹೇಳಿದ್ದನ್ನೇ ಪುಸ್ತಕದ ವ್ಯಾಖ್ಯೆಯಲ್ಲಿ ಹೇಳಿ ಮುಗಿಸಿಬಿಡಬೇಕೆಂದು ನನ್ನ ನಾಲಿಗೆ ತುರಿಸುತ್ತಿತ್ತು. ಹೇಳಲಿಲ್ಲ. ಒಬ್ಬೊಬ್ಬರೇ ಎದ್ದು ಅವಳ ಪಕ್ಕ ನಿಂತು ಕೈ ಎತ್ತಿ ನೋಡತೊಡಗಿದರು. ಒಪ್ಪದವರಿಗೆ ಅವಳು ತಾಳ್ಮೆಯಿಂದ ಮತ್ತೆ ಹೇಳಿದಳು, ಅರ್ಧ ಕನ್ನಡ, ಅರ್ಧ ಕೊಂಕಣಿಯಲ್ಲಿ. ಗಂಟೆ ಹೊಡೆದದ್ದು ಯಾರಿಗೂ ಕೇಳಲಿಲ್ಲ. ಹೆಡ್‌ಮಾಸ್ತರು ಬೆಂಚಿನ ತುದಿಯಲ್ಲಿ ಹೋಗಿ ಕೂತಿದ್ದರು, ಕನ್ನಡಿಯ ಮುಂದೆ ತಮ್ಮ ಸರದಿಗಾಗಿ.