ಹನ್ನಾ ಅಂತ ಬರೆಸಿದ್ದೆ

ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದುತ್ತಿದ್ದೆ. ಫೋನ್ ಬಂತು. ಎರಡೂ ಕೈಗೆ ಹಿಟ್ಟು ಮೆತ್ತಿತ್ತು. ಬೆರಳಿನ ಗೆಣ್ಣಿನಿಂದ ಒತ್ತಿ ಸ್ಪೀಕರಿಗೆ ಹಾಕಿದೆ. ನಮ್ಮ ಯಜಮಾನರು. ಆಫೀಸಿಗೆ ಅರ್ಧ ದಿನ ರಜೆ ಹಾಕಿ ಹೆಮೇಂಟೆಗೆ, ಅಂದರೆ ಇಲ್ಲಿನ ನಗರಸಭೆಗೆ, ಹೋಗಿದ್ದರು.

"ಕೆಲಸ ಆಯ್ತು. ಕೌಂಟರ್ ಮುಂದೇನೇ ನಿಂತೀನಿ. ನಮ್ಮಿಬ್ಬರ ಹೆಸರಿನ ಕೆಳಗೆ ಈಗ ಎರಡು ಮಕ್ಕಳು."

"ಅಲ್‌ಹಮ್ದುಲಿಲ್ಲಾಹ್. ಹೆಸರಿನ ಜಾಗದಲ್ಲಿ ಏನ್ ಮಾಡಿದ್ರು, ಗೆರೆ ಎಳೆದ್ರಾ?"

ಆ ಕಡೆ ಕಾಗದ ಬಿಚ್ಚುವ ಸದ್ದಾಯಿತು.

"ಇಲ್ಲ. ಹೆಸರಿದೆ."

"ಯಾರು ಕೊಟ್ರು?"

"ನಾನೇ. ಆವಾಗಲೇ. ಹನ್ನಾ ಅಂತ ಬರೆಸಿದ್ದೆ."

ನಮ್ಮ ಮನೆಮಾತು ದಖನಿ. ನಾವಿಬ್ಬರೂ ದಾವಣಗೆರೆ ಕಡೆಯವರು. ನೆದರ್ಲೆಂಡ್ಸಿನ ಈ ಎನ್ಸ್‌ಕೆಡೆ ಊರಿಗೆ ಬಂದ ಮೇಲೂ ಮನೆಯಲ್ಲಿ ದಖನಿಯೇ, ಜಗಳವಿದ್ದಾಗ ಮಾತ್ರ ಕನ್ನಡ. ಅವತ್ತು ಅವರು ಮೊದಲ ಮಾತಿನಿಂದಲೇ ಕನ್ನಡದಲ್ಲಿದ್ದರು. ನಾನು ಆಗಲೇ ತಿಳಿದುಕೊಳ್ಳಬೇಕಿತ್ತು.

ಒಂಬತ್ತು ವರ್ಷದ ಹಿಂದೆ ನಮ್ಮ ಮೊದಲ ಮಗು ಎಂಟು ತಿಂಗಳು ತುಂಬಿ, ಉಸಿರಿಲ್ಲದೆ ಹುಟ್ಟಿತು. ಹೆಣ್ಣು. ಇಂಥ ಮಗುವನ್ನೂ ತಂದೆತಾಯಿಯ ದಾಖಲೆಗೆ ಸೇರಿಸಬಹುದು, ಎಷ್ಟು ಹಳೆಯದಾದರೂ ಸರಿ ಎಂಬ ನಿಯಮ ಈ ದೇಶದಲ್ಲಿ ಈಗ ಕೆಲವು ವರ್ಷಗಳಿಂದ ಇದೆ. ನಮಗೆ ತಿಳಿದದ್ದು ತಡವಾಗಿ. ಸೇರಿಸಿ ಬನ್ನಿ ಎಂದು ನಾನೇ ಕಳಿಸಿದ್ದೆ. ಹೆಸರಿಲ್ಲದ ಮಗು ಎಂದು ಸೇರುತ್ತದೆ, ಅಷ್ಟಾದರೂ ಆಗಲಿ ಎಂದುಕೊಂಡಿದ್ದೆ.

ನಮ್ಮಲ್ಲಿ ಏಳನೆಯ ದಿನ ಹೆಸರಿಡುತ್ತೇವೆ. ಮಗುವಿನ ಕಿವಿಯಲ್ಲಿ ಅಜಾನ್ ಹೇಳಿರುತ್ತಾರೆ, ಹೆಸರನ್ನು ತಂದೆಯ ಅಕ್ಕ ಆರಿಸುತ್ತಾಳೆ. ನಮ್ಮ ಅತ್ತಿಗೆ ಒಂದು ಹೆಸರು ಆರಿಸಿಯೂ ಇಟ್ಟಿದ್ದರು. ಮಗು ಹೋಯಿತು ಎಂದಾಗ ಫೋನಿನಲ್ಲಿ ಅವರು, "ಅಳದೇ ಇರೋ ಮಗೂಗೆ ಹೆಸರು ಯಾಕಮ್ಮ, ಸಬರ್ ಮಾಡು, ತಾಳ್ಕೋ" ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಇಡಬಹುದು, ಇಡುವುದೇ ಒಳ್ಳೆಯದು ಎಂದು ಇಲ್ಲಿನ ಮೌಲಾನಾ ಆಮೇಲೆ ಹೇಳಿಕಳಿಸಿದರು. ಆದರೆ ಆ ಹೆಸರು ಎತ್ತಲು ನನಗೆ ಬಾಯಿ ಬರಲಿಲ್ಲ. ಎರಡು ವರ್ಷದ ಮೇಲೆ ಇನ್ನೊಬ್ಬಳು ಹುಟ್ಟಿದಾಗ ಅದೇ ಹೆಸರನ್ನು ಅವಳಿಗೆ ಇಟ್ಟೆವು. ಮೊದಲನೆಯವಳಿಗೆ ಏನೂ ಉಳಿಯಲಿಲ್ಲ. ಪ್ರತಿ ನಮಾಜಿನ ನಂತರ ದುವಾದಲ್ಲಿ "ಮಗು" ಅನ್ನುತ್ತಿದ್ದೆ, ಅಷ್ಟೇ.

"ನನ್ನ ಕೇಳದೇನೇ?" ಅಂದೆ.

"ನಿನಗೆ ಜ್ವರ ಇತ್ತು. ಮಣ್ಣು ಮಾಡೋಕೆ ಕಾಗದ ಬೇಕಿತ್ತು. ಇಡಬೇಕು ಅಂತೇನಿಲ್ಲ, ಇಟ್ಟರೆ ಬರೀತೀನಿ ಅಂದ ಕೌಂಟರಿನವನು. ಖಾಲಿ ಬಿಡೋಕೆ ಮನಸ್ಸಾಗಲಿಲ್ಲ ಕಣೆ."

"ಈ ಹೆಸರೇ ಯಾಕೆ?"

"ಮಗೂನ ಸ್ನಾನ ಮಾಡಿಸಿ ಸುತ್ತಿ ಕೊಟ್ಟಳಲ್ಲ ಆ ನರ್ಸು, ಅವಳ ಎದೆ ಮೇಲಿನ ಬಿಲ್ಲೆಯಲ್ಲಿ ಇತ್ತು. ಆ ಹೊತ್ತಿಗೆ ತಲೇಲಿ ಇದ್ದದ್ದು ಅದೊಂದೇ ಹೆಸರು. ಕೋಪಾನಾ?"

"ರೊಟ್ಟಿ ಹಿಟ್ಟು ತಣ್ಣಗಾಗ್ತಿದೆ," ಅಂದು ಇಟ್ಟೆ.

ಆರು ರೊಟ್ಟಿ ತಟ್ಟಿದೆ. ಎರಡು ಅಂಚು ಒಡೆದವು. ಕೋಪ ಇತ್ತು, ಸುಳ್ಳು ಹೇಳುವುದಿಲ್ಲ. ಡ್ಯೂಟಿಯ ಮೇಲಿದ್ದ ಯಾರೋ ನರ್ಸಿನ ಹೆಸರು. ಅದಕ್ಕಿಂತ ಹೆಚ್ಚಾಗಿ, ಈ ಊರಿನಲ್ಲಿ ಕಲ್ಲೆಸೆದರೆ ಒಂದು ಹನ್ನಾಗೆ ತಗುಲುತ್ತದೆ. ನಮ್ಮ ಮಗಳ ತರಗತಿಯಲ್ಲೇ ಇಬ್ಬರು; ಕನ್ನಡಕದ ಹನ್ನಾ, ಜಡೆಯ ಹನ್ನಾ ಎಂದು ಇವಳು ಗುರುತು ಇಟ್ಟುಕೊಂಡಿದ್ದಾಳೆ. ಸಂತೆ ಬೀದಿಯ ಅಂಗಡಿಯಲ್ಲಿ ಹೆಸರು ಬರೆದ ಕೀಚೈನುಗಳ ತಿರುಗಣಿ ಇದೆ. ನಮ್ಮವಳು ಹೋದಾಗಲೆಲ್ಲ ಅದನ್ನು ತಿರುಗಿಸಿ ತನ್ನ ಹೆಸರು ಹುಡುಕುತ್ತಾಳೆ, ಸಿಗುವುದಿಲ್ಲ. ಹನ್ನಾ ಮಾತ್ರ ಯಾವಾಗಲೂ ಮೂರೋ ನಾಲ್ಕೋ ತೂಗುತ್ತಿರುತ್ತದೆ. ಮಧ್ಯಾಹ್ನ ಶಾಲೆಯ ಗೇಟಿನಲ್ಲಿ ಯಾರಾದರೊಬ್ಬ ತಾಯಿ ಸೈಕಲ್ ಹಿಡಿದು "ಹನ್ನಾ, ಕೋಟು ಹಾಕ್ಕೋ" ಎಂದು ಕೂಗುತ್ತಾಳೆ. ಒಂಬತ್ತು ವರ್ಷ ನನ್ನ ಮಗಳ ಹೆಸರನ್ನು ಊರೆಲ್ಲ ಕೂಗಿದೆ, ನಾನೊಬ್ಬಳೇ ಕೂಗಿಲ್ಲ. ಒಲೆಯ ಮುಂದೆ ಈ ಲೆಕ್ಕ ಹತ್ತಿದಾಗ ಸ್ವಲ್ಪ ಹೊತ್ತು ಕುರ್ಚಿ ಎಳೆದು ಕೂತೆ.

ರೊಟ್ಟಿಯಲ್ಲಿ ಎರಡನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದ ಮನೆಗೆ ಒಯ್ದೆ. ಅಲ್ಲಿ ಎಂಬತ್ತು ದಾಟಿದ ಡಚ್ ಹೆಂಗಸು ಒಬ್ಬರೇ ಇದ್ದಾರೆ. ನಾವಿಬ್ಬರೂ ಒಬ್ಬರನ್ನೊಬ್ಬರು "ಬ್ಯೂರ್‌ಫ್ರೌ" ಎಂದೇ ಕರೆಯುವುದು. ಪಕ್ಕದ ಮನೆಯವಳೇ ಎಂದರ್ಥ. ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು. ಅಲ್ಲಾಹ್ ಕೊಟ್ಟದ್ದನ್ನು ಬೆರಳು ಮಡಿಚಿ ಎಣಿಸುವಾಗ ಇಂಥ ನೆರೆಯವರು ಸಿಕ್ಕಿದ್ದನ್ನೂ ಸೇರಿಸುತ್ತೇನೆ. ಒಡೆಯದ ರೊಟ್ಟಿಗಳನ್ನೇ ತಂದಿದ್ದೆ, ಆದರೂ ಅವರು ಮುಖ ನೋಡಿ, "ಏನಾಯ್ತು, ಬ್ಯೂರ್‌ಫ್ರೌ?" ಅಂದರು.

ನನಗೆ ಬರುವ ಅಷ್ಟಿಷ್ಟು ಡಚ್ಚಿನಲ್ಲಿ ಹೇಳಿದೆ. ಮಗುವಿನ ವಿಷಯ ಅವರಿಗೆ ಮೊದಲೇ ಗೊತ್ತಿತ್ತು. ಹೆಸರಿನ ವಿಷಯ ಹೊಸದು.

"ಹನ್ನಾ," ಅಂದರು. "ನನ್ನ ತಂಗಿಯ ಹೆಸರೇ ಅದು. ನಮ್ಮ ಕಾಲದಲ್ಲಿ ಮನೆಗೊಬ್ಬಳು ಇದ್ದಳು. ಆಮೇಲೆ ಮುದುಕಿಯರ ಹೆಸರು ಅಂತ ಯಾರೂ ಇಡಲಿಲ್ಲ. ಈಗ ನೋಡು, ತಳ್ಳುಗಾಡಿಗೊಂದು ಹನ್ನಾ."

"ಅರ್ಥ ಏನು?"

"ಹೀಬ್ರೂ ಮಾತು. ಕೃಪೆ ಅಂತ. ನಾವು ದುಡಿದು ಪಡೆಯೋದಲ್ಲ, ಅವನು ಸುಮ್ಮನೆ ಕೊಡೋದು."

ನಮ್ಮಲ್ಲೂ ಆ ಹೆಸರಿದೆ. ಮರ್ಯಮರ ತಾಯಿ ಹನ್ನಾ. ನಮ್ಮ ಪವಿತ್ರ ಗ್ರಂಥದಲ್ಲಿ ಅವರನ್ನು ಇಮ್ರಾನರ ಪತ್ನಿ ಎಂದಷ್ಟೇ ಕರೆದಿದೆ, ಹೆಸರನ್ನು ಹಿರಿಯರು ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದರು. ಹೊಟ್ಟೆಯಲ್ಲಿರುವಾಗಲೇ ಮಗುವನ್ನು ಅಲ್ಲಾಹನಿಗೆ ಮೀಸಲಿಟ್ಟ ತಾಯಿ. ಇದೆಲ್ಲ ನನಗೆ ಗೊತ್ತು. ಗೊತ್ತಿದ್ದೂ ಅವತ್ತು ಸಮಾಧಾನ ಬರಲಿಲ್ಲ.

"ಕೃಪೆ ಅಂದ್ರೆ ಕೊಟ್ಟದ್ದು," ಅಂದೆ. "ಇವಳನ್ನ ಅವನು ಕೊಡಲಿಲ್ಲ, ಕಿತ್ತುಕೊಂಡ. ಈ ಹೆಸರು ಹಿಡಿದು ನಾನು ಹೇಗೆ ಕರೀಲಿ?"

ಹೀಗೆ ಬಾಯಿಬಿಟ್ಟು ಹೇಳಿದ್ದಕ್ಕೆ ಆ ಗಳಿಗೆಯಲ್ಲೇ ಒಳಗೊಳಗೆ ತೌಬಾ ಮಾಡಿ ಕ್ಷಮೆ ಕೇಳಿಕೊಂಡೆ. ಅವರು ಕಾಫಿ ಕಪ್ಪು ಪಕ್ಕಕ್ಕೆ ಸರಿಸಿ ಎದ್ದು, ಡ್ರಾಯರಿನಿಂದ ಒಂದು ಪೆನ್ನು ತೆಗೆದರು.

"ತಾರೀಕು ಹೇಳು."

ಹೇಳಿದೆ. ಅವರು ಗೋಡೆ ಹಿಡಿದುಕೊಂಡು ಬಾಗಿಲ ಪಕ್ಕದ ಚಿಕ್ಕ ಕೋಣೆಯತ್ತ ನಡೆದರು. ಆಗ ನೆನಪಾಯಿತು. ಈ ದೇಶದ ಮನೆಗಳಲ್ಲಿ ಹುಟ್ಟುಹಬ್ಬದ ಕ್ಯಾಲೆಂಡರು ತೂಗುಹಾಕುವುದು ಪಾಯಿಖಾನೆಯಲ್ಲಿ. ದಿನಾ ಹೋಗುವ ಜಾಗ, ಕೂತಾಗ ಕಣ್ಣಿಗೆ ಬೀಳುತ್ತದೆ, ಯಾರ ಹುಟ್ಟುಹಬ್ಬವೂ ಮರೆಯುವುದಿಲ್ಲ ಎಂದು. ನಾವು ಆ ಜಾಗಕ್ಕೆ ಕಾಲಿಡುವ ಮುಂಚೆ ಕುತ್ತಿಗೆಯ ತಾಯಿತವನ್ನೂ ತೆಗೆದಿಡುವ ಜನ. ಅಲ್ಲಿ ಒಂದು ಪುಣ್ಯದ ಹೆಸರನ್ನು ಬಾಯಲ್ಲೂ ಎತ್ತುವುದಿಲ್ಲ.

ಹಿಂದೆಯೇ ಓಡಿದೆ. ಅವರು ಆಗಲೇ ಕನ್ನಡಕ ಏರಿಸಿ ಹಾಳೆ ಮಗುಚಿದ್ದರು. ಆ ಹಾಳೆಯಲ್ಲಿ ಹತ್ತಾರು ಹೆಸರು. ತೀರಿಕೊಂಡವರ ಮುಂದೆ ಪುಟ್ಟ ಶಿಲುಬೆಯ ಗುರುತು, ಹೆಸರು ಹೊಡೆದುಹಾಕಿಲ್ಲ.

"ಬೇಡ," ಅಂದೆ. "ಅಲ್ಲಿ ಬೇಡ."

"ಯಾಕೆ? ನನ್ನ ಅಪ್ಪ ಇಲ್ಲೇ ಇದ್ದಾನೆ. ಹಳೆಯ ಪಾದ್ರಿಯೂ ಇಲ್ಲೇ ಇದ್ದಾನೆ. ಇಷ್ಟು ವರ್ಷದಲ್ಲಿ ಒಬ್ಬರೂ ದೂರಿಲ್ಲ."

"ಅವರು ಇರಲಿ. ನನ್ನ ಮಗಳು ಬೇಡ. ಹನ್ನಾಳನ್ನ ಇಲ್ಲಿ ಬರೀಬೇಡಿ."

ಅಂದುಬಿಟ್ಟಿದ್ದೆ. ಹನ್ನಾ ಅಂದದ್ದು ನನ್ನದೇ ಬಾಯಿ. ಯಾರೋ ನರ್ಸಿನ ಹೆಸರು ಎಂದಾಗಲಿ, ಊರಿಗೆಲ್ಲ ಇರುವ ಹೆಸರು ಎಂದಾಗಲಿ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಬಿಸಿಲಿಗೆ ಓಡುವ ಮಗುವನ್ನು ತಾಯಿ ಹೆಸರು ಹಿಡಿದು ತಡೆದ ಹಾಗೆ ಬಂದಿತ್ತು. ಇಬ್ಬರು ಹೆಂಗಸರು ಪಾಯಿಖಾನೆಯ ಬಾಗಿಲಲ್ಲಿ ನಿಂತಿದ್ದೆವು. ನನಗೆ ಅಳು ಬಂತು. ಅವರು ಪೆನ್ನಿನ ಮುಚ್ಚಳ ಹಾಕಿ ನನ್ನ ತೋಳು ಹಿಡಿದುಕೊಂಡರು.

ಆಮೇಲೆ ಕ್ಯಾಲೆಂಡರನ್ನು ಮೊಳೆಯಿಂದ ಇಳಿಸಿದರು. ಅದು ತೂಗುತ್ತಿದ್ದ ಜಾಗದಲ್ಲಿ ಗೋಡೆಯ ಬಣ್ಣ ಬೇರೆಯೇ ಇತ್ತು. ಅಡುಗೆಮನೆಯಲ್ಲಿ, ಕಿಟಕಿಯ ಪಕ್ಕ, ಬಿಸಿ ಪಾತ್ರೆ ಹಿಡಿಯುವ ಬಟ್ಟೆಯಿದ್ದ ಕೊಕ್ಕೆಗೆ ಅದನ್ನು ನೇತುಹಾಕಿದರು.

"ಇನ್ನು ನಾನು ತಮ್ಮನ ಮೊಮ್ಮಕ್ಕಳ ಹುಟ್ಟುಹಬ್ಬ ಮರೆತರೆ ಬೈಗುಳ ನಿನಗೆ ಕಳಿಸ್ತೀನಿ," ಅಂದರು. ಪೆನ್ನು ನನ್ನ ಕೈಗೆ ಕೊಟ್ಟರು. "ನೀನೇ ಬರಿ. ನಿನ್ನ ಮಗಳು."

ಬರೆದೆ. ಹೆಸರಿನ ಮುಂದೆ ಯಾವ ಗುರುತೂ ಹಾಕಲಿಲ್ಲ, ಅವರೂ ಕೇಳಲಿಲ್ಲ.

ಆ ಹೆಸರು ಕೃಪೆ ಹೇಗಾದೀತು ಎಂಬ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ಹೇಳಲಾರೆ. ಆದರೆ ಎಣಿಸುವುದು ನನ್ನ ಅಭ್ಯಾಸ. ಆಸ್ಪತ್ರೆಯಲ್ಲಿ ಒಂದು ಇಡೀ ಮಧ್ಯಾಹ್ನ ಅವಳನ್ನು ನನ್ನ ಮಡಿಲಲ್ಲಿ ಬಿಟ್ಟಿದ್ದರು. ಸ್ನಾನ ಮಾಡಿಸಿದ ನರ್ಸಿನ ಕೈ ಮೆತ್ತಗಿತ್ತು. ಕಿಬ್ಲಾದ ದಿಕ್ಕಿಗೆ, ಮಕ್ಕಾದ ಕಡೆ ಮುಖ ಮಾಡಿ ಮಲಗಿಸಲು ನೆಲ ಸಿಕ್ಕಿತು. ತಲೆಯೇ ಓಡದ ಹೊತ್ತಿನಲ್ಲೂ ಅವಳ ಅಪ್ಪನಿಗೆ ಆ ಜಾಗ ಖಾಲಿ ಬಿಡಲು ಮನಸ್ಸಾಗಲಿಲ್ಲ. ಈ ನಾಲ್ಕು ಮೊದಲೂ ಇದ್ದವು. ನಾನು ಎಣಿಸಿರಲಿಲ್ಲ.

ಐದು ಗಂಟೆಗೆ ಯಜಮಾನರು ಬಂದರು. ಶೂ ಬಿಚ್ಚುತ್ತಲೇ ನನ್ನ ಮುಖ ನೋಡಿದರು. ಮಗಳು ಸೋಫಾದ ಮೇಲೆ ಚಿತ್ರ ಬಿಡಿಸುತ್ತಿದ್ದಳು.

"ಹನ್ನಾಳ ಕಾಗದ ಕೊಡಿ ಇಲ್ಲಿ," ಅಂದೆ, ದಖನಿಯಲ್ಲಿ.

ಅವರು ಚೀಲದಿಂದ ಕಾಗದ ತೆಗೆದರು. ಅದನ್ನು ಪಾಸ್‌ಪೋರ್ಟುಗಳಿರುವ ಫೈಲಿನಲ್ಲಿ, ಚಿಕ್ಕವಳ ಜನನಪತ್ರದ ಮೇಲೆ ಇಟ್ಟೆ. ದೊಡ್ಡವಳದು ಮೇಲೆ.

"ಯಾವ ಹನ್ನಾ, ಅಮ್ಮಾ?" ಅಂದಳು ಮಗಳು, ಡಚ್ಚಿನಲ್ಲಿ. "ಕನ್ನಡಕದವಳಾ?"

"ಅಲ್ಲ. ನಿನ್ನ ಅಕ್ಕ."

ಅವಳು ಬಣ್ಣದ ಪೆನ್ಸಿಲ್ಲನ್ನು ಗದ್ದಕ್ಕೆ ಒತ್ತಿಕೊಂಡು ಯೋಚಿಸಿದಳು. "ಹಾಗಾದ್ರೆ ನಮ್ಮ ಮನೇದೂ ಒಂದು ಹೆಸರು ಕೀಚೈನಲ್ಲಿ ಸಿಗುತ್ತೆ," ಅಂದಳು.

ಅವಳಪ್ಪ ಹಜಾರಕ್ಕೆ ಹೋಗಿ ಮೂಗು ಒರೆಸಿಕೊಂಡರು. ವಾಷಿಂಗ್ ಮಷೀನು ಆಗಲೇ ನಿಂತು ಕೂಗುತ್ತಿತ್ತು. ನಾನು ಒದ್ದೆ ಬಟ್ಟೆಗಳನ್ನು ಬುಟ್ಟಿಗೆ ತುಂಬಿ, ಹೀಟರಿನ ಮುಂದೆ ಸ್ಟ್ಯಾಂಡ್ ಬಿಚ್ಚಿ, ಮೊದಲು ಕಾಲುಚೀಲಗಳನ್ನು ಜೋಡಿ ನೋಡಿ ಹರವತೊಡಗಿದೆ.