ಹಿಂದಕ್ಕೆ ಓಡಿದ ನೀರು

ನನ್ನ ಗಂಡ ಪಾಂಡವಪುರದಲ್ಲಿ ದೀಪಾಲಂಕಾರದ ಕೆಲಸ ಮಾಡುತ್ತಿದ್ದರು. ಗಣೇಶನ ಹಬ್ಬ ಬಂತೆಂದರೆ ಅವರ ಸೀರಿಯಲ್ ಬಲ್ಬಿನ ನವಿಲು, ಕಮಲಗಳು ಕೆ.ಆರ್. ಪೇಟೆ, ನಾಗಮಂಗಲದವರೆಗೂ ಹೋಗುತ್ತಿದ್ದವು. ಆದರೆ ಅವರಿಗೆ ನನ್ನ ತವರಾದ ತೊಣ್ಣೂರಿನ ಕೆರೆಯನ್ನು ದೀಪದಲ್ಲಿ ಮಾಡುವ ಆಸೆ. ಆ ಕೆರೆ ತುಂಬಿ ಕೋಡಿ ಬಿದ್ದದ್ದನ್ನು ಅವರು ನೋಡಿದ್ದು ನಮ್ಮ ಮದುವೆಯ ವರ್ಷ.

ಕೆಲಸ ಶುರು ಮಾಡುವ ಹೊತ್ತಿಗೆ ಸಕ್ಕರೆ ಕಾಯಿಲೆ ಅವರ ಕಣ್ಣು ತಿಂದಿತ್ತು. ಮೈಯೂ ಸೋತಿತ್ತು. ಈ ಹಬ್ಬಕ್ಕೆ ಕೆರೆ ನಿಲ್ಲಲೇಬೇಕು, ಮುಂದಿನ ಹಬ್ಬ ನನ್ನದಲ್ಲ ಎನ್ನುತ್ತಿದ್ದರು. ಅವರು ಹೇಳಿದಂತೆ ನಾನು ಮಾಡುತ್ತಾ ಹೋದೆ. ಮೊದಲು ದೊಡ್ಡ ಹಲಗೆಗೆ ಕೂರಿಸಿದ ಬಲ್ಬುಗಳ ಮುಂದೆ ನೀಲಿ ಜಿಲೆಟಿನ್ ಹಾಳೆ ಕಟ್ಟಿದೆವು. ಬಿಸಿಗೆ ಸುರುಟಿಕೊಂಡಿತು. ಹಳೆ ಸೀರೆ ಕಟ್ಟಿದರೆ ಬೆಳಕೇ ಮಂಕಾಯಿತು. ಕೊನೆಗೆ ಬಳೆಗಾರನಿಂದ ಒಡಕು ಬಳೆ ತರಿಸಿ, ಚೂರುಗಳನ್ನು ಗಾಜಿಗೆ ಅಂಟಿಸಿ ಬಲ್ಬುಗಳ ಮುಂದೆ ಕೂರಿಸಿದೆ. ದೀಪ ಹಾಕಿದರೆ ನೀರಿನ ಮೇಲೆ ಬಿಸಿಲು ಬಿದ್ದ ಹಾಗಿತ್ತು. ಅವರು ಬೆರಳಲ್ಲಿ ಸವರಿ ನೋಡಿ, “ಕೋಡಿ ತಾವ ಇನ್ನೊಂಚೂರು ಬೇಕು” ಅಂದರು.

ಬೆಳಕನ್ನು ಓಡಿಸುವುದು ರೋಲರ್. ತಾಮ್ರದ ಪಟ್ಟಿ ಹೊಡೆದ ಮರದ ಉರುಳೆ. ಮೋಟಾರು ಅದನ್ನು ತಿರುಗಿಸಿದಂತೆ ದೀಪಗಳು ಸಾಲಾಗಿ ಹತ್ತಿ ಆರುತ್ತವೆ. “ಎಡಗಡೆಯಿಂದ ಸುರು ಮಾಡು” ಅಂದರು. ನಾನು ಹಲಗೆಯ ಮುಂದೆ ಕೂತು, ನನ್ನ ಎಡದಿಂದ ತಂತಿಗಳಿಗೆ ದಾರದ ಗುರುತು ಕಟ್ಟಿ ರೋಲರಿಗೆ ಸೇರಿಸಿದೆ.

ಸಂಜೆ ಸ್ವಿಚ್ ಹಾಕಿದೆ. ಅವರು ಟಕಟಕ ಸದ್ದಿಗೆ ಕಿವಿ ಕೊಟ್ಟು, “ಕೋಡಿ ಬೀಳ್ತಾ ಅದಾ, ಅಮ್ಮಿ?” ಎಂದರು.

“ಇಲ್ಲ. ಕೋಡಿಯಿಂದ ಕೆರೆಗೇ ವಾಪಸ್ ಓಯ್ತಾ ಅದೆ.”

ಎಷ್ಟೋ ದಿನದ ಮೇಲೆ ಅವರು ನಕ್ಕರು. “ತೊಣ್ಣೂರಲ್ಲಿ ಉಟ್ಟಿ ನೀರು ಯಾವ ಕಡೀಕ್ ಓಯ್ತದೆ ಅಂತ ಗೊತ್ತಿಲ್ವಾ ನಿಂಗೆ?”

“ಎಡ ಅಂದೋರು ನೀವೇ ತಾನೆ?”

“ನಾನು ಹಲಗೆ ಬೆನ್ನ ಕಡೆಯಿಂದ ಯೋಳ್ದೆ ಕಣಮ್ಮಿ. ಯಾವತ್ತು ಮುಂದ್ಗಡೆ ಕೂತು ಕೆಲ್ಸ ಮಾಡಿದ್ದೀನಿ ನಾನು? ಇರ್ಲಿ ಬುಡು, ಇವತ್ತೊಂದಿನ ಕೆರೆ ತುಂಬ್ಕಳ್ಳಿ. ನಾಳೆ ತಿರುಗ್ಸಾನ.”

ಬೆಳಿಗ್ಗೆ ಅವರಿಗೆ ಉಸಿರಾಡುವುದೇ ಕಷ್ಟವಾಯಿತು. ಮೈಸೂರಿನ ಆಸ್ಪತ್ರೆಗೆ ಹೊರಟ ವ್ಯಾನು ಶ್ರೀರಂಗಪಟ್ಟಣದ ಸೇತುವೆ ದಾಟುವಾಗ ನನ್ನ ಕೈಯಲ್ಲಿದ್ದ ಅವರ ಕೈ ತಣ್ಣಗಾಗಿತ್ತು.

ತಿಥಿಯ ದಿನ ಹಿರಿಯ ಹೆಂಗಸರು ನನ್ನ ಬಳೆ ಒಡೆದರು. ನಾನು ಚೂರುಗಳನ್ನು ಆರಿಸಿ ಸೆರಗಿಗೆ ಕಟ್ಟಿಕೊಳ್ಳುವುದನ್ನು ನನ್ನ ನಾದಿನಿ ನೋಡಿದಳು. “ಅದ ಮಡಿಕಬಾರ್ದು ಕಣತ್ಗೆ, ಒಳೆ ನೀರಿಗಾಕ್ಬೇಕು” ಎಂದಳು. ನಾನು ಸೆರಗಿನ ಗಂಟು ಬಿಗಿದೆ. ಎಲ್ಲರೂ ಊರಿಗೆ ಹೋದ ಮೇಲೆ ಆ ಚೂರುಗಳನ್ನು ಕೋಡಿಯ ಹತ್ತಿರ ಅಂಟಿಸಿದೆ. ಆಮೇಲೆ ದಾರಗಳನ್ನು ಬಿಚ್ಚಿ ತಂತಿಗಳನ್ನು ತಿರುಗಿಸಿ ಕಟ್ಟಿದೆ. ತಪ್ಪು ಕೆಲಸವನ್ನು ಅವರು ಎಂದೂ ಹೊರಗೆ ಕಳಿಸಿದವರಲ್ಲ.

ಹಬ್ಬಕ್ಕೆ ಹಲಗೆಯನ್ನು ತೊಣ್ಣೂರಿನಲ್ಲೇ ನಿಲ್ಲಿಸಿದರು. “ನೋಡ್ಲಾ, ನಮ್ ಕೆರೆ ಕೋಡಿ ಬಿದ್ದದೆ!” ಎಂದು ಯಾರೋ ಕೂಗಿದ್ದು ಕೇಳಿಸಿತು. ನಾನು ಹಲಗೆಯ ಹಿಂದೆ, ಅವರು ಕೂರುತ್ತಿದ್ದ ಜಾಗದಲ್ಲಿ, ರೋಲರಿನ ಪಕ್ಕ ಕೂತಿದ್ದೆ. ಅಲ್ಲಿಂದ ನೀರು ಕಾಣುವುದಿಲ್ಲ. ತಂತಿಗಳು, ಅವುಗಳ ಗಂಟುಗಳು, ಆ ಟಕಟಕ ಸದ್ದು ಅಷ್ಟೆ.